ಉರಿಯದ ಔಷಧ

ನಮ್ಮ ಗೆಳೆಯರೊಬ್ಬರ ಎಡ ಮೊಣಕೈಯಲ್ಲಿ ಎಳ್ಳಿನ ಗಾತ್ರದ ನಾಲ್ಕಾರು ನೀಲಿ ಚುಕ್ಕೆಗಳಿವೆ. ಹಚ್ಚೆಯಲ್ಲ, ಮಚ್ಚೆಯೂ ಅಲ್ಲ. ಹೈದರಾಬಾದಿನ ಗಂಡಿಪೇಟೆಯ ತಿರುವಿನಲ್ಲಿ ಸೈಕಲ್ಲಿಂದ ಬಿದ್ದಾಗ ಚರ್ಮದೊಳಗೆ ಹೊಕ್ಕ ಮರಳು ಮತ್ತು ಡಾಂಬರಿನ ಪುಡಿ. ಅದನ್ನು ತೆಗೆಯುವ ಮೊದಲೇ ಯಾರೋ ಪುಣ್ಯಾತ್ಮರು ಮುಲಾಮು ಮೆತ್ತಿ ಪಟ್ಟಿ ಸುತ್ತಿದರು. ಚರ್ಮ ಅದರ ಮೇಲೆಯೇ ಬೆಳೆದು, ಒಳಗಿದ್ದವರಿಗೆ ಕಾಯಂ ಹಕ್ಕುಪತ್ರ ಬರೆದುಕೊಟ್ಟಿತು. ಆ ಮರಳು ಉದುರಿದ ಇಲ್ಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು ಎನ್ನುತ್ತಾರೆ ಭೂವಿಜ್ಞಾನಿಗಳು. ಗೆಳೆಯರು ಈಗ ಅದನ್ನೇ ಹಿಡಿದುಕೊಂಡು, ಹೊಸಬರು ಸಿಕ್ಕಾಗಲೆಲ್ಲ ತೋಳು ಮಡಚಿ ತೋರಿಸುತ್ತಾರೆ: "ನಮ್ಮ ಮನೆತನದಲ್ಲಿ ಇಷ್ಟು ಹಳೆಯ ಆಸ್ತಿ ಇನ್ನೊಂದಿಲ್ಲ."

ಈ ಊರಿನ ಮರಳಿನ ಗುಣವೇ ಬೇರೆ. ಹೊಳೆಯ ಮರಳು ನೂರಾರು ಮೈಲಿ ಉರುಳಿ ನಯ ನಾಜೂಕು ಕಲಿತಿರುತ್ತದೆ. ಇದು ಹಾಗಲ್ಲ. ಬಂಜಾರಾ ಹಿಲ್ಸಿನಿಂದ ಹಿಡಿದು ಶಂಕರಪಲ್ಲಿಯವರೆಗೆ ಮಲಗಿರುವ ದೊಡ್ಡ ದೊಡ್ಡ ಬಂಡೆಗಳಿಂದ ಇದ್ದಲ್ಲೇ ಉದುರಿದ ಕಣಗಳು. ಸಂಸ್ಕಾರ ಕಡಿಮೆ, ಮೂಲೆಮೂಲೆಗೂ ಹಲ್ಲು. ಮಳೆ ಬಂದು ಹೋದ ಮಾರನೆಯ ದಿನ ರಸ್ತೆಯ ತಿರುವಿನಲ್ಲಿ ತೆಳ್ಳಗೆ ಹರಡಿಕೊಂಡು, ನಸುಗೆಂಪಾಗಿ ಮಿನುಗುತ್ತ ಕಾಯುತ್ತಿರುತ್ತವೆ. ಸಣ್ಣ ಟೈರಿನ ಸೈಕಲ್ಲು ಅಲ್ಲಿಗೆ ಬಂದು ಬ್ರೇಕ್ ಒತ್ತಿತೋ, ಮುಗಿಯಿತು.

ಹೈದರಾಬಾದಿನ ಸೈಕಲ್ಲಿನಲ್ಲಿ ಎರಡು ಜಾತಿ. ಒಂದು ಹಾಲು, ಪೇಪರು, ಇಡ್ಲಿ ಡಬ್ಬ ಹೊತ್ತು ತಿರುಗುವುದು. ಅದರ ಸವಾರರು ಬೀಳುವುದು ಕಡಿಮೆ. ಬಿದ್ದರೂ ಸುದ್ದಿಯಾಗುವುದಿಲ್ಲ, ಲುಂಗಿ ಕೊಡವಿಕೊಂಡು ಹೊರಡುತ್ತಾರೆ. ಇನ್ನೊಂದು ಭಾನುವಾರ ನಸುಕಿನಲ್ಲಿ ಗಚ್ಚಿಬೌಲಿ, ಕೊಂಡಾಪುರದ ಅಪಾರ್ಟ್‌ಮೆಂಟುಗಳ ಲಿಫ್ಟಿನಿಂದ ಇಳಿದು ಬರುವುದು. ಬೆಲೆ ಕೇಳಿದರೆ ಮನೆಯವರಿಗೆ ಹೇಳಿದ ಬೆಲೆಯೇ ಬೇರೆ. ಇದರ ಪೆಡಲಿಗೆ ಬೂಟು ಕಚ್ಚಿಕೊಳ್ಳುತ್ತದೆ. ಹಿಮ್ಮಡಿ ಹೊರಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ ಅದನ್ನು ಮರೆತವರು, ನಿಂತಲ್ಲೇ, ಯಾರೂ ಗುದ್ದದೆ, ಬಹಳ ಸಾವಕಾಶವಾಗಿ, ಪಕ್ಕದ ಆಟೋದವನು ಬೀಡಿ ಬಾಯಿಂದ ತೆಗೆದು ನೋಡುವಷ್ಟು ಸಮಯ ಕೊಟ್ಟು ಒರಗುತ್ತಾರೆ. ಗಾಯ ಅಂಗೈ ಅಗಲ, ಅವಮಾನ ಅಂಗಳದಗಲ.

2023ರ ಅಕ್ಟೋಬರ್ 1ರಂದು ಹೊರವರ್ತುಲ ರಸ್ತೆಯ ಪಕ್ಕದಲ್ಲಿ 23 ಕಿಲೋಮೀಟರ್ ಉದ್ದದ ಸೈಕಲ್ ಹಾದಿ ತೆರೆದರು. ಒಂದು ಕವಲು ನಾನಕ್‌ರಾಮ್‌ಗುಡದಿಂದ ಪೊಲೀಸ್ ಅಕಾಡೆಮಿಯ ಕಡೆಗೆ, ಇನ್ನೊಂದು ನಾರ್ಸಿಂಗಿಯಿಂದ ಕೊಲ್ಲೂರಿಗೆ. ತಲೆಯ ಮೇಲೆ ಬಹುತೇಕ ಉದ್ದಕ್ಕೂ ಸೌರ ಫಲಕಗಳ ಚಾವಣಿ, 16 ಮೆಗಾವ್ಯಾಟ್ ವಿದ್ಯುತ್ತು. ಲಾರಿಯಿಲ್ಲ, ಎಮ್ಮೆಯಿಲ್ಲ, ಎದುರಿನಿಂದ ನುಗ್ಗಿ ಬರುವ ಬಿರಿಯಾನಿ ಡೆಲಿವರಿಯವನಿಲ್ಲ. ಇನ್ನು ಬೀಳಲು ಕಾರಣವೇ ಇಲ್ಲ ಎಂದುಕೊಂಡರೆ, ಮನುಷ್ಯ ಕಾರಣ ಹುಡುಕಿಕೊಳ್ಳುತ್ತಾನೆ. ಮೂವರು ಸಾಲಾಗಿ ಹರಟುತ್ತ ಹೋಗುವಾಗ ಹ್ಯಾಂಡಲಿಗೆ ಹ್ಯಾಂಡಲು ತಾಗುತ್ತದೆ. ಒಬ್ಬ ಎಡಗೈಯಲ್ಲಿ ಮೊಬೈಲು ಹಿಡಿದು ತನ್ನದೇ ಬೆವರಿನ ಚಿತ್ರ ತೆಗೆಯುತ್ತಾನೆ. ಬಿಸಿಲಿಗೆ ಚಾವಣಿ ಸಿಕ್ಕಿತು, ಮೊಣಕಾಲಿಗೆ ಸಿಗಲಿಲ್ಲ.

ಬೀಳುವವರು ಒಬ್ಬರಾದರೆ ಧಾವಿಸುವ ವೈದ್ಯರು ಹತ್ತು ಜನ. ಈ ವಿಷಯದಲ್ಲಿ ಹೈದರಾಬಾದಿನ ಔದಾರ್ಯಕ್ಕೆ ಸಾಟಿಯಿಲ್ಲ. ಚಹಾ ಅಂಗಡಿಯ ಯಜಮಾನರು ಕುರ್ಚಿ ಹಾಕಿ ಕೂಡಿಸಿ, "ಕುಚ್ ನೈ ಹೋತಾ ಮಿಯಾ, ಘಬರಾವೋ ನಕ್ಕೋ" ಎಂದು ಅಭಯ ಕೊಟ್ಟು, ಒಳಗಿನಿಂದ ಕಾಫಿಪುಡಿ ತರುತ್ತಾರೆ. ಮಹಬೂಬನಗರದ ಕಡೆಯ ವಾಚ್‌ಮನ್ ರಸ್ತೆ ಬದಿಯಲ್ಲಿ ಬೆಳೆದ ಗಡ್ಡಿ ಚಾಮಂತಿ ಕಿತ್ತು, ಅಂಗೈಯಲ್ಲಿ ತಿಕ್ಕಿ, ಹಸಿರು ರಸ ಹಿಂಡಲು ಸಿದ್ಧನಾಗುತ್ತಾನೆ. ಪಂಚರ್ ಅಂಗಡಿಯವನ ಕಣ್ಣು ಪೆಟ್ರೋಲ್ ಬಾಟಲಿಯ ಮೇಲೆ. ಹಳೇ ಶಹರದ ಹಿರಿಯರಾದರೆ ಜೇಬಿನಿಂದ ಜಿಂದಾ ತಿಲಿಸ್ಮಾತ್ ಹೊರಡುತ್ತದೆ. ನೀಲಗಿರಿ ಎಣ್ಣೆ, ಕರ್ಪೂರ, ಪುದೀನದ ಸತ್ವ ಸೇರಿದ ಈ ಯುನಾನಿ ಔಷಧ ನೆಗಡಿಯಿಂದ ಹೊಟ್ಟೆನೋವಿನವರೆಗೆ ಎಲ್ಲದಕ್ಕೂ ಆಗುತ್ತದೆ ಎಂಬ ನಂಬಿಕೆ ಇಲ್ಲಿಯ ಪೌರತ್ವದ ಭಾಗ. ಹಕೀಮ್ ಮೊಯಿಜುದ್ದೀನ್ ಫಾರೂಕಿ ಅದನ್ನು ಪ್ರಾರಂಭಿಸಿದ್ದು 1920ರಲ್ಲಿ. ಹಸಿ ಗಾಯದ ಮೇಲೆ ಒಂದು ಹನಿ ಬಿದ್ದರೆ ಹೇಗಿರುತ್ತದೆ ಎಂದು ಕೇಳಬೇಡಿ. ಶೀಶೆ ಮೂಗಿನ ಹತ್ತಿರ ಬಂದರೇ ಕಣ್ಣಲ್ಲಿ ನೀರು.

ಅದೇ 1920ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಅರ್ಲ್ ಡಿಕ್ಸನ್ ಎಂಬ ಹತ್ತಿ ಖರೀದಿಯ ಗುಮಾಸ್ತ, ಅಡುಗೆಮನೆಯಲ್ಲಿ ಪದೇ ಪದೇ ಬೆರಳು ಕೊಯ್ದುಕೊಳ್ಳುತ್ತಿದ್ದ ಹೆಂಡತಿಗಾಗಿ ಅಂಟುಪಟ್ಟಿಯ ನಡುವೆ ಗಾಜ್ ತುಂಡು ಇಟ್ಟು ಬ್ಯಾಂಡ್‌ಏಡ್ ಕಂಡುಹಿಡಿದ. ಅದೇ ವರ್ಷ ಗಂಡಿಪೇಟೆಯ ಕೆರೆಕಟ್ಟೆ, ಎಂದರೆ ಉಸ್ಮಾನ್ ಸಾಗರವೂ ಪೂರ್ಣವಾಯಿತು. ಗಾಯಕ್ಕೆ ಬೇಕಾದ ಮೂರೂ ಬಗೆಯ ಸರಂಜಾಮು ಒಂದೇ ವರ್ಷ ಜಗತ್ತಿಗೆ ಬಂದವು. ನಾವು ಮೊದಲಿನ ಎರಡನ್ನು ಎದೆಗೊತ್ತಿಕೊಂಡೆವು. ಮೂರನೆಯದರ ಪಕ್ಕದಲ್ಲೇ ಬಿದ್ದು, ಅದನ್ನು ಮರೆತು ಮನೆಗೆ ಬರುತ್ತೇವೆ.

ಮರೆವಿಗೆ ಕಾರಣವಿದೆ. ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಉರಿಯಂತೂ ಇಲ್ಲ. ನಮ್ಮ ತಲೆಮಾರಿನವರು ಕಲಿತ ವೈದ್ಯಶಾಸ್ತ್ರದ ಮೊದಲ ಸೂತ್ರವೇ ಉರಿಯದಿದ್ದರೆ ಅದು ಔಷಧವಲ್ಲ ಎಂಬುದು. ಶಾಲೆಯ ಪ್ರಥಮ ಚಿಕಿತ್ಸೆಯ ಡಬ್ಬಿ ಹೋಳಿಹಬ್ಬದ ತಯಾರಿಯಂತಿರುತ್ತಿತ್ತು: ಕೆಂಪಿಗೆ ಮರ್ಕ್ಯುರೋಕ್ರೋಮ್, ನೇರಳೆಗೆ ಜೆನ್ಶನ್ ವಯೊಲೆಟ್, ಕಂದಿಗೆ ಟಿಂಚರ್ ಅಯೋಡಿನ್, ಹಳದಿಗೆ ಬರ್ನಾಲ್. ಪಿ.ಟಿ. ಮೇಷ್ಟ್ರು ಹತ್ತಿಯ ಉಂಡೆ ಅದ್ದಿ ಒತ್ತಿದಾಗ ಹುಡುಗ ಕಿರುಚಿದರೆ ಔಷಧ ಹತ್ತಿತೆಂದು ಅರ್ಥ. ಕಿರುಚದಿದ್ದರೆ ಇನ್ನೊಮ್ಮೆ. ಆ ಕೆಂಪು ಔಷಧದಲ್ಲಿ ಪಾದರಸವಿತ್ತೆಂಬುದು ನಮಗೆ ತಿಳಿದದ್ದು ಮೊಣಕಾಲುಗಳೆಲ್ಲ ಗುಣವಾದ ಎಷ್ಟೋ ವರ್ಷಗಳ ಮೇಲೆ. ಅಮೆರಿಕದ ಔಷಧ ನಿಯಂತ್ರಕರು 1998ರಲ್ಲಿ ಅದನ್ನು ಸುರಕ್ಷಿತ ಪಟ್ಟಿಯಿಂದ ಹೊರಗಿಟ್ಟರು.

ಉರಿಯ ಪಂಥಕ್ಕೆ ದೊಡ್ಡ ಗುರುವೂ ಉಂಟು. 1865ರ ಆಗಸ್ಟಿನಲ್ಲಿ ಗ್ಲಾಸ್ಗೋದ ಜೋಸೆಫ್ ಲಿಸ್ಟರ್, ಬಂಡಿ ಹರಿದು ಕಾಲಿನ ಎಲುಬು ಮುರಿದು ಚರ್ಮ ಸೀಳಿದ್ದ ಹನ್ನೊಂದು ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆ ಸುತ್ತಿದ. ಆ ಕಾಲಕ್ಕೆ ಅಂಥ ಕಾಲನ್ನು ಕತ್ತರಿಸುವುದೇ ರೂಢಿ. ಹುಡುಗ ಬದುಕಿದ, ಕಾಲೂ ಉಳಿಯಿತು. ಆಮ್ಲ ಅಲ್ಲಲ್ಲಿ ಚರ್ಮವನ್ನು ಸುಟ್ಟಿತ್ತು ಎಂಬ ಅಡಿಟಿಪ್ಪಣಿಯನ್ನು ಮಾತ್ರ ಜಗತ್ತು ಓದಲಿಲ್ಲ. ಲಿಸ್ಟರನ ಮುಂದಿದ್ದದ್ದು ಸಾವು. ನಮ್ಮ ಮುಂದಿರುವುದು ತರಚಿದ ಮಂಡಿ. ಸ್ಪಿರಿಟ್ಟು, ಹೈಡ್ರೋಜನ್ ಪೆರಾಕ್ಸೈಡು ನಂಜಿನ ಜೊತೆಗೆ, ಗಾಯ ಮುಚ್ಚಲು ಹೊರಟ ಹೊಸ ಜೀವಕೋಶಗಳನ್ನೂ ಸವರಿಹಾಕುತ್ತವೆ. ನೊರೆ ಬರುವುದು ನೋಡಲು ಚೆಂದ, ಅಷ್ಟೇ.

ಇನ್ನು ಮನೆಮದ್ದಾದ ಅರಿಶಿನದ ಮಾತು ಬಂದರೆ ಕಾಚಿಗುಡದ ನಮ್ಮ ಅತ್ತೆಯವರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬೀದರಿನ ಹೆಣ್ಣುಮಗಳು, ನೃಪತುಂಗ ಶಾಲೆಯ ಆಸುಪಾಸಿನಲ್ಲೇ ಬದುಕು ಕಳೆದವರು. ಬಿದ್ದು ಬಂದವರನ್ನು ಹೊಸ್ತಿಲಲ್ಲೇ ತಡೆದು, "ಏನಾಗ್ಯದ? ಹಳದಿ ಹಚ್ಚು. ಒಂದ್ ದಿನದಾಗ ಒಣಗ್ತದ" ಎಂದು ಡಬ್ಬಿಯ ಮುಚ್ಚಳ ತೆಗೆಯುತ್ತಾರೆ. ಅವರ ಬೆನ್ನಿಗೆ ಭಾರತ ಸರ್ಕಾರವೇ ಇದೆ. 1995ರಲ್ಲಿ ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟು ಸಿಕ್ಕಿತು. ವಿಜ್ಞಾನಿ ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ.ಎಸ್.ಐ.ಆರ್. ಹಳೆಯ ಗ್ರಂಥಗಳನ್ನೆಲ್ಲ ಹೊತ್ತೊಯ್ದು, ಇದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದ ಸಂಗತಿ ಎಂದು ವಾದಿಸಿತು. 1997ರಲ್ಲಿ ಪೇಟೆಂಟು ರದ್ದಾಯಿತು. ಗೆದ್ದದ್ದು ಹಕ್ಕಿನ ಮೊಕದ್ದಮೆ. ಡಬ್ಬಿಯಲ್ಲಿ ಸಾಂಬಾರಿನ ಚಮಚ ಮುಳುಗೆದ್ದ ಪುಡಿಯನ್ನು ಮರಳಿನ ಮೇಲೆ ಉದುರಿಸಬೇಕೆಂದು ಯಾವ ನ್ಯಾಯಾಧೀಶರೂ ಬರೆದಿಲ್ಲ. ಮರಳಿನ ಜೊತೆಗೆ ಅದನ್ನೂ ತೊಳೆಯಬೇಕಾಗುತ್ತದೆ; ಸುತ್ತ ಕೆಂಪೇರಿ ನಂಜಾಗುತ್ತಿದ್ದರೂ ಹಳದಿಯಲ್ಲಿ ಕಾಣುವುದಿಲ್ಲ. ಇದನ್ನು ಅತ್ತೆಯವರ ಎದುರಿನಲ್ಲಿ ಹೇಳುವ ಧೈರ್ಯ ನನಗೆ ಬಂದಿಲ್ಲ.

ಹೇಳಿದವರು ನಮ್ಮ ಗುಂಪಿನಲ್ಲೇ ಸೈಕಲ್ ತುಳಿಯುವ ಒಬ್ಬ ಎಲುಬು ಡಾಕ್ಟರು. ಅವರದು ಒಂದೇ ಉಪದೇಶ: "ನಲ್ಲಿ ಬಿಡಿ, ಗಾಯ ಕೆಳಗಿಡಿ, ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿರಿ." ಕುಡಿಯಲು ಯೋಗ್ಯವಾದ ನೀರಾದರೆ ಗಾಯ ತೊಳೆಯಲೂ ಯೋಗ್ಯ, ಸಲೈನಿನಲ್ಲಿ ತೊಳೆದ ಗಾಯಗಳಿಗಿಂತ ನಲ್ಲಿ ನೀರಿನಲ್ಲಿ ತೊಳೆದವು ಹೆಚ್ಚು ನಂಜಾಗುತ್ತವೆ ಎಂದು ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ಬೋರ್‌ವೆಲ್, ಟ್ಯಾಂಕರ್ ನೀರಿನ ಮೇಲೆ ಅನುಮಾನವಿದ್ದರೆ ಕುದಿಸಿ ಆರಿಸಿದ್ದು. ದಾರಿಯಲ್ಲಾದರೆ ಸೈಕಲ್ಲಿಗೆ ಸಿಕ್ಕಿಸಿದ ಬಾಟಲಿಯದು, ಅದರಲ್ಲಿ ಗ್ಲೂಕೋಸು ಬೆರೆಸಿರದಿದ್ದರೆ.

ಈ ನಲ್ಲಿ ನೀರಿನ ವಿಷಯದಲ್ಲಿ ಕನ್ನಡಿಗರು ಸ್ವಲ್ಪ ಎದೆ ಸೆಟೆಸಿಕೊಳ್ಳಬಹುದು. 1908ರ ಸೆಪ್ಟೆಂಬರ್ 28ರಂದು ಮೂಸಿ ಹೊಳೆ ಉಕ್ಕಿ ಊರನ್ನು ಕೊಚ್ಚಿದಾಗ, ನಿಜಾಮರ ಸರ್ಕಾರ ಕರೆಸಿದ್ದು ಆಗಷ್ಟೇ ಮುಂಬಯಿ ಸೇವೆಯಿಂದ ಹೊರಬಂದಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಗಡೆ ಎರಡು ಜಲಾಶಯ ಕಟ್ಟಿ ಎಂದರು ಅವರು. ಮೂಸಿಗೆ ಉಸ್ಮಾನ್ ಸಾಗರ. ಈಸಿ ಹೊಳೆಗೆ 1927ರಲ್ಲಿ ಮುಗಿದ ಹಿಮಾಯತ್ ಸಾಗರ. ಊರು ಮುಳುಗದಿರಲಿ ಎಂದು ಕಟ್ಟಿದ್ದು ಊರಿಗೆ ಕುಡಿಸಿತು. ಗಂಡಿಪೇಟೆಯ ನೀರು ಕುಡಿದವನು ಹೈದರಾಬಾದ್ ಬಿಟ್ಟು ಹೋಗುವುದಿಲ್ಲ ಎಂಬ ಮಾತು ಇಲ್ಲಿ ಹುಟ್ಟಿತು. ಈಗ ನಲ್ಲಿಯಲ್ಲಿ ಬರುವುದು ಬಹುಪಾಲು ಕೃಷ್ಣಾ, ಗೋದಾವರಿ, ಸಿಂಗೂರಿನ ಕಡೆಯಿಂದ ಮಾಂಜ್ರಾ. ಮಾಂಜ್ರಾ ಬೀದರ್ ಜಿಲ್ಲೆಯನ್ನು ಹಾದು ಬರುವ ಹೊಳೆ. ಅತ್ತೆಯವರಿಗೆ ಇದನ್ನು ತಿಳಿಸಿದ ಮೇಲೆ ಅವರು ನೀರಿನ ಚಿಕಿತ್ಸೆಯ ವಿಷಯದಲ್ಲಿ ಮೆತ್ತಗಾಗಿದ್ದಾರೆ. "ನಮ್ಮೂರ ನೀರದ, ಗುಣ ಆಗ್ಲಾರ್ದ ಏನು" ಎನ್ನುತ್ತಾರೆ. ಹಳದಿ ಡಬ್ಬಿ ಮಾತ್ರ ಕೈಯಲ್ಲೇ ಇರುತ್ತದೆ.

ತೊಳೆಯುವುದು ಹೇಳಿದಷ್ಟು ಸುಲಭವಲ್ಲ. ಮೊಣಕೈಯ ಹಿಂಭಾಗ ಯಾರಿಗೂ ತಾನೇ ಕಾಣುವ ಜಾಗವಲ್ಲ. ಬಚ್ಚಲಿನ ಕನ್ನಡಿಗೆ ಬೆನ್ನು ಕೊಟ್ಟು, ಕತ್ತು ಕೊಂಕಿಸಿ ನಿಲ್ಲಬೇಕು. ಮೊದಲು ಕೈಗೆ ಸೋಪು. ಆಮೇಲೆ ನೀರು ಮೇಲಿನಿಂದ ಹರಿದು ಕೆಳಕ್ಕೆ ಇಳಿಯುವಂತೆ. ಮೊದಲ ಎರಡು ನಿಮಿಷ ಕೆಸರು ಬಣ್ಣ, ಆಮೇಲೆ ನಸುಗೆಂಪು, ಆಮೇಲೆ ತಿಳಿ. ತಿಳಿಯಾಯಿತೆಂದು ನಿಲ್ಲಿಸುವವರೇ ಬಹಳ. ಬೆಳಕಿಗೆ ಹಿಡಿದು ನೋಡಿದರೆ, ಬಿಳಿಚಿಕೊಂಡ ಚರ್ಮದಲ್ಲಿ ರಕ್ತದ ಸಣ್ಣ ಸಣ್ಣ ಬಿಂದು ಒಸರುತ್ತಿರುತ್ತವೆ. ಅವುಗಳ ನಡುವೆ ಅಲುಗಾಡದೆ ಕೂತ ಕಪ್ಪು ಕಣಗಳು. ಒದ್ದೆ ಗಾಜ್ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಬೇಕು. ಹತ್ತಿ ಬೇಡ, ಅದರ ಎಳೆ ಅಂಟಿಕೊಂಡು ಮೀಸೆ ಮೂಡುತ್ತದೆ. ಅದಕ್ಕೂ ಜಗ್ಗದ ಹರಳನ್ನು ಕುದಿಸಿ ಆರಿಸಿದ ಚಿಮಟದಿಂದ ಎತ್ತಬೇಕು. ಈ ಹಂತದಲ್ಲಿ ಬಾಯಿಂದ ಹೊರಡುವ ಮಾತೃಭಾಷೆಯನ್ನು ಮಕ್ಕಳು ಕೇಳದಂತೆ ಬಾಗಿಲು ಹಾಕಿಕೊಳ್ಳುವುದು ಒಳ್ಳೆಯದು. ಚಾಕು ತಾಗಿದರೆ ಗೆರೆಯಷ್ಟು ಜಾಗದ ನರಗಳು ಕೂಗುತ್ತವೆ. ತರಚಿದರೆ ಅಂಗೈ ಅಗಲದ ನರತುದಿಗಳೆಲ್ಲ ಒಮ್ಮೆಗೇ ಬಯಲಿಗೆ ಬಿದ್ದಿರುತ್ತವೆ. ಸಣ್ಣ ಗಾಯಕ್ಕೆ ಇಷ್ಟು ನೋವೇ ಎಂದು ನಗುವವರು ಇದನ್ನು ತಿಳಿದಿರಬೇಕು. ತೆಗೆದಷ್ಟೂ ಉಳಿದರೆ ಆಸ್ಪತ್ರೆಗೆ ಹೋಗುವುದೇ ಸರಿ. ಅಲ್ಲಿ ಮರಗಟ್ಟಿಸಿ ಬ್ರಶ್ಶಿನಿಂದ ಉಜ್ಜುತ್ತಾರೆ. ಮರಳು ಒಳಗಿರುವಾಗ ಮಾಯ್ದ ಗಾಯದ ಕಥೆ ಮೊಣಕೈಯಲ್ಲಿ ನೀಲಿ ಅಕ್ಷರದಲ್ಲಿ ಇದ್ದೇ ಇದೆ.

ತೊಳೆದಾದ ಮೇಲೆ ಇನ್ನೊಂದು ಪಂಥದವರು ಬರುತ್ತಾರೆ: "ಗಾಳಿಯಾಡಲಿ ಬಿಡಿ, ಒಣಗಲಿ." ಫ್ಯಾನಿನ ಕೆಳಗೆ ಕಾಲು ಚಾಚಿ, ಹಕ್ಕಳೆ ಕಟ್ಟುವುದನ್ನೇ ಕಾಯುತ್ತ, ಕಟ್ಟಿದ ಮೇಲೆ ಅಂಚನ್ನು ಉಗುರಿನಿಂದ ಎಬ್ಬಿಸುತ್ತ ಕೂರುವುದು ಬಾಲ್ಯದ ದೊಡ್ಡ ಸುಖಗಳಲ್ಲಿ ಒಂದು, ನಿಜ. ಇಂಗ್ಲೆಂಡಿನ ಜಾರ್ಜ್ ವಿಂಟರ್ 1962ರಲ್ಲಿ ಆ ಸುಖಕ್ಕೆ ಕಲ್ಲು ಹಾಕಿದ. ಹಂದಿಗಳ ಬೆನ್ನಿನ ಮೇಲೆ ಮೇಲುಮೇಲಿನ ಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟ, ಕೆಲವಕ್ಕೆ ಪಾಲಿಥೀನ್ ಹಾಳೆ ಮುಚ್ಚಿದ. ಮುಚ್ಚಿದ ಗಾಯಗಳು ಹೆಚ್ಚು ಕಡಿಮೆ ಎರಡು ಪಟ್ಟು ಬೇಗ ಚರ್ಮ ಹೊದ್ದವು. ಹೊಸ ಜೀವಕೋಶಗಳು ಗಾಯದ ಅಂಚಿನಿಂದಲೂ ಕೂದಲಿನ ಬುಡದಿಂದಲೂ ತೆವಳಿಕೊಂಡು ಬರುತ್ತವೆ; ತೇವವಿದ್ದರೆ ನೇರ ದಾರಿ, ಒಣ ಹಕ್ಕಳೆ ಇದ್ದರೆ ಅದರ ಅಡಿಯಲ್ಲಿ ಸುರಂಗ ಕೊರೆಯಬೇಕು. ತೆಳ್ಳಗೆ ವ್ಯಾಸಲೀನ್ ಸವರಿ, ಅಂಟದ ಪಟ್ಟಿ ಕಟ್ಟಿ, ದಿನಾ ಬದಲಿಸಿದರೆ ಮುಗಿಯಿತು. ಈ ಅಂಟದ ಪಟ್ಟಿಗೂ ಒಂದು ವಂಶಾವಳಿ ಇದೆ. ಮೊದಲ ಮಹಾಯುದ್ಧದ ಕಾಲದಲ್ಲಿ, ಒಣಗಿದ ಬಟ್ಟೆ ಕೀಳುವಾಗ ಸೈನಿಕರು ಪಡುತ್ತಿದ್ದ ಯಾತನೆ ನೋಡಿ ಎಣ್ಣೆಜಿಡ್ಡಿನ ಬಲೆಬಟ್ಟೆಯ ಪಟ್ಟಿ ಮಾಡಿದವನು ಆಗುಸ್ತ್ ಲೂಮಿಯೇರ್, ತಮ್ಮನ ಜೊತೆ ಸೇರಿ ಜಗತ್ತಿಗೆ ಸಿನಿಮಾ ತೋರಿಸಿದವನೇ. ಹೈದರಾಬಾದಿನಂಥ ಸಿನಿಮಾ ಹುಚ್ಚಿನ ಊರಿನಲ್ಲಿ ಪ್ರತಿ ಮೆಡಿಕಲ್ ಶಾಪಿನಲ್ಲೂ ಅವನ ಪಟ ತೂಗುಹಾಕಬೇಕಿತ್ತು.

ಧನುರ್ವಾಯು ತಡೆಯುವ ಟಿ.ಟಿ. ಇಂಜೆಕ್ಷನ್ನಿನದು ಬೇರೆಯೇ ಪುರಾಣ. ಬಿದ್ದವರು ಮೇಲೇಳುವ ಮುಂಚೆ ಯಾರೋ ಒಬ್ಬರು "ಟಿ.ಟಿ. ತಗೊಂಡ್ರಾ?" ಎನ್ನದಿದ್ದರೆ ಬಿದ್ದದ್ದು ಲೆಕ್ಕಕ್ಕಿಲ್ಲ. ಅದರ ಗುಣ ಆರು ತಿಂಗಳು ಎಂಬ ನಂಬಿಕೆಯಲ್ಲಿ, ಮಳೆಗಾಲಕ್ಕೊಂದು ಬೇಸಿಗೆಗೊಂದು ಚುಚ್ಚಿಸಿಕೊಂಡು ತೋಳನ್ನು ಜರಡಿ ಮಾಡಿಕೊಂಡವರಿದ್ದಾರೆ. ಬಾಲ್ಯದ ಡೋಸುಗಳೆಲ್ಲ ಆಗಿದ್ದರೆ ಹತ್ತು ವರ್ಷಕ್ಕೊಮ್ಮೆ ಸಾಕು. ಮಣ್ಣು ಹೊಕ್ಕ ಗಾಯವಾಗಿದ್ದು, ಹಿಂದಿನದಕ್ಕೆ ಐದು ವರ್ಷ ದಾಟಿದ್ದರೆ ಆಗ ಒಂದು. ಸರ್ಕಾರ 2019ರಿಂದ ಟಿ.ಟಿ. ಬದಲು, ಗಂಟಲಮಾರಿಗೂ ತಡೆಯಾಗುವ ಟಿ.ಡಿ. ಕೊಡುತ್ತಿದೆ. ನಮ್ಮ ನಾಲಿಗೆಗೆ ಮಾತ್ರ ಅದು ಟಿ.ಟಿ.ಯೇ. ಇಂಜೆಕ್ಷನ್ನಿನ ಚರ್ಚೆಯಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಹಿಂದೆ ಬೀಳುತ್ತದೆ: ಹೆಲ್ಮೆಟ್ ಬಿರುಕು ಬಿಟ್ಟಿದೆಯೇ, ವಾಂತಿ ಬರುವಂತಿದೆಯೇ, ಹೆಬ್ಬೆರಳಿನ ಬುಡದಲ್ಲಿ ಒತ್ತಿದರೆ ಪ್ರಾಣ ಹೋಗುತ್ತದೆಯೇ? ಹೌದಾದರೆ ನಲ್ಲಿ, ಪಟ್ಟಿ ಎಲ್ಲ ಆಮೇಲೆ, ಮೊದಲು ಆಸ್ಪತ್ರೆ. ಎರಡು ಮೂರು ದಿನದ ಮೇಲೆ ಗಾಯದ ಸುತ್ತ ಕೆಂಪು ಹರಡಿ, ಬಿಸಿಯಾಗಿ, ಕೀವು ಕಂಡರೂ ಅಷ್ಟೇ.

ಹುಟ್ಟಾ ಸೈಕಲ್ಲಿಗರು ಇದಕ್ಕೆಲ್ಲ ಮುಂಚಿತವಾಗಿಯೇ ಸಿದ್ಧರಾಗಿರುತ್ತಾರೆ. ಯುರೋಪಿನ ರೇಸುಗಾರರು ಕಾಲಿನ ಕೂದಲು ಬೋಳಿಸುತ್ತಾರಲ್ಲ, ಕೇಳಿದರೆ ಕೊಡುವ ಕಾರಣ ಇದೇ: ಬಿದ್ದಾಗ ತೊಳೆಯಲು ಸುಲಭ, ಪಟ್ಟಿ ಕೀಳುವಾಗ ಕೂದಲು ಕಿತ್ತುಬರುವುದಿಲ್ಲ. ಗಾಯಕ್ಕಿಂತ ಹೆಚ್ಚಾಗಿ ಇದು ಕನ್ನಡಿಯ ವಿಷಯ ಎಂದು ನನ್ನ ಗುಮಾನಿ. ಅತ್ತೆಯವರ ಕಿರಿಮಗ ಮಾಧಾಪುರದ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವವನು, ಈ ಶಾಸ್ತ್ರವನ್ನು ಪೂರ್ತಿ ನಂಬಿ ಮಂಡಿಯಿಂದ ಕೆಳಗೆ ನುಣ್ಣಗೆ ಮಾಡಿಕೊಂಡು ಬಂದ. ಮುಂದಿನ ವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಪಂಚೆಯುಟ್ಟು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ಪಂಚೆ ಸರಿಯಿತು. ಪುರೋಹಿತರು ಮಂತ್ರ ನಿಲ್ಲಿಸಲಿಲ್ಲ, ಧ್ವನಿ ಮಾತ್ರ ಸ್ವಲ್ಪ ಇಳಿಯಿತು. ಅತ್ತೆಯವರು ಒಮ್ಮೆ ಮಗನ ಕಾಲು ನೋಡಿದರು, ಒಮ್ಮೆ ನನ್ನನ್ನು ನೋಡಿದರು.

"ತಿರುಪತಿ ತಿಮ್ಮಪ್ಪಗ ಎಲ್ಲಾರೂ ತಲಿ ಕೊಡ್ತಾರ. ಇಂವ ಕಾಲು ಕೊಟ್ಟಾನೇನು?"